ದಾರಿ ಬಿಡಿ ಎಂದು ದಾರಿಗಡ್ಡ ನಿಂತ ಫಲಕಕ್ಕೆ

ಮಾನ್ಯ ಫಲಕ ಮಹಾಶಯರೇ,

ನಮ್ಮ ಬೀದಿಯ ಕಾಲುದಾರಿಯ ನಟ್ಟನಡುವೆ ಎರಡು ಕಬ್ಬಿಣದ ಕಾಲೂರಿ, ಎದೆಯ ಮೇಲೆ ‘ಪಾದಚಾರಿ ಮಾರ್ಗಕ್ಕೆ ಅಡ್ಡಿಪಡಿಸುವವರ ಮೇಲೆ ಕಠಿಣ ಕ್ರಮ’ ಎಂದು ಬರೆಸಿಕೊಂಡು, ಬಿಸಿಲೆನ್ನದೆ ಮಳೆಯೆನ್ನದೆ ನಿಂತಿರುವ ತಮ್ಮ ಪಾದಾರವಿಂದಗಳಿಗೆ ಈ ಬಡ ಪಾದಚಾರಿಯ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂಬುದು ಮಾತಿಗಷ್ಟೇ. ನಿಜವಾಗಿ ಉದ್ದಕ್ಕೆ ಮಲಗಲು ತಮ್ಮ ಆಸುಪಾಸಿನಲ್ಲಿ ಜಾಗವೆಲ್ಲಿದೆ?

ತಮ್ಮನ್ನು ನೆಟ್ಟ ದಿನ ನಾವು ಬೀಗಿದ್ದೆವು. ಹಾಸಿಗೆ ಅಂಗಡಿಯವರು ಮಂಚಗಳನ್ನು ಒಳಗೆಳೆದುಕೊಂಡಾರು, ಸ್ಕೂಟರುಗಳು ರಸ್ತೆಗಿಳಿದಾವು ಎಂದುಕೊಂಡರೆ, ಅಂಗಡಿಯವರು ತಮ್ಮ ಕಬ್ಬಿಣದ ಕಾಲಿಗೇ ಬಿಸಿಲು ಪರದೆಯ ಹಗ್ಗ ಕಟ್ಟಿದರು, ಸ್ಕೂಟರಿನವರು ತಮ್ಮ ತಗಡಿನ ನೆರಳಲ್ಲೇ ಗಾಡಿ ನಿಲ್ಲಿಸಿದರು. ಕೇಳಿದರೆ ಅಂಗಡಿಯವರು, “ಬೋರ್ಡೇ ಅಡ್ಡ ನಿಂತಿದೆ, ನಮ್ಮ ಮಂಚದ್ದೇನು ತಪ್ಪು ಸ್ವಾಮಿ?” ಎನ್ನುತ್ತಾರೆ. ಉತ್ತರವನ್ನು ತಾವೇ ದಯಪಾಲಿಸಬೇಕು.

ನನ್ನ ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ಆಸ್ಪತ್ರೆಗೆ ಬರುವ ಫೋನ್ ಕರೆಗಳನ್ನು ವೈದ್ಯರಿಗೆ ಜೋಡಿಸಿಕೊಡುವುದು ಅವಳ ಕೆಲಸ. ಅವಳಂಥವರಿಗಾಗಿಯೇ ಕಾಲುದಾರಿಯಲ್ಲಿ ಉಬ್ಬುಗೆರೆಯ ಹಳದಿ ಕಲ್ಲು ಹಾಸಿದ್ದಾರೆ. ಕೋಲಿನಿಂದ ಅದನ್ನು ತಡವಿಕೊಂಡು ನಡೆದರೆ ದಾರಿ ತಪ್ಪುವುದಿಲ್ಲವಂತೆ. ತಪ್ಪಲೂ ಇಲ್ಲ, ನೇರವಾಗಿ ತಮ್ಮ ಬಳಿಗೇ ಬಂದಳು. ಕೋಲು ತಮ್ಮೆರಡು ಕಾಲುಗಳ ನಡುವೆ ಸಲೀಸಾಗಿ ತೂರಿತು, ತಗಡಿನ ಅಂಚು ಹಣೆಗೆ ಬಡಿಯಿತು. ಈಗವಳು ರಸ್ತೆಗಿಳಿದು ಬಸ್ಸುಗಳ ಪಕ್ಕದಲ್ಲಿ ನಡೆಯುತ್ತಾಳೆ. ನಾನು ಜೊತೆಗೆ ಹೊರಟರೆ, “ಇಷ್ಟು ವರ್ಷ ಒಬ್ಬಳೇ ಹೋಗಿಲ್ವೇನೋ, ಕೈ ಬಿಡು” ಎನ್ನುತ್ತಾಳೆ. ಅವಳು ಮನೆಗೆ ಬರುವವರೆಗೂ ನನ್ನ ಜೀವದಲ್ಲಿ ಜೀವ ಇರುವುದಿಲ್ಲ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಅಕ್ಕ ಬರುವ ಹೊತ್ತಿಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಬೇಕೆಂದೂ, ಸರಿಯುವುದು ಘನತೆಗೆ ಕುಂದೆನಿಸಿದರೆ ಕನಿಷ್ಠ ಒಮ್ಮೆ ಕೆಮ್ಮಬೇಕೆಂದೂ ಕೋರುತ್ತೇನೆ. ಅಧಿಕಾರಿಗಳನ್ನು ಬಿಟ್ಟು ತಮ್ಮನ್ನೇ ಏಕೆ ಬೇಡುತ್ತೇನೆಂದರೆ, ಜೋರು ಗಾಳಿ ಬೀಸಿದಾಗಲಾದರೂ ತಾವು ಅಲುಗಾಡುತ್ತೀರಿ.

ಇಂತಿ, ರಸ್ತೆಯಂಚಿನಲ್ಲೇ ಜೀವ ಹಿಡಿದುಕೊಂಡಿರುವ
ತಮ್ಮ ವಿಶ್ವಾಸಿ,
ಹಣೆಗೆ ಪಟ್ಟಿ ಕಟ್ಟಿಕೊಂಡವಳ ಸೋದರ

ಮರೆತ ಮಾತು: ಈ ಬೀದಿಯಲ್ಲಿ ಕಾನೂನು ಸತ್ತಿದೆ ಎನ್ನುವವರ ಬಾಯಿಗೆ ಬೀಗ ಬಿತ್ತು. ನಿನ್ನೆ ತಮ್ಮನ್ನು ನೆಟ್ಟ ಕಚೇರಿಯವರು ಮಂಚಗಳನ್ನು ದಾಟಿ, ಸ್ಕೂಟರುಗಳ ನಡುವೆ ನುಸುಳಿ ನಮ್ಮ ಮನೆಗೆ ಬಂದು, ಹಣೆಯಿಂದ ತಮ್ಮ ತಗಡನ್ನು ಬಗ್ಗಿಸಿ ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದ್ದಕ್ಕಾಗಿ ಅಕ್ಕನಿಗೆ ನೋಟಿಸು ಕೊಟ್ಟರು. ಸಹಿ ಹಾಕಬೇಕಾದ ಜಾಗವನ್ನು ಬಹಳ ಜೋಪಾನವಾಗಿ, ಅವಳ ಬೆರಳು ಹಿಡಿದು ತೋರಿಸಿದರು.