ಬಾಣಂತಿಯ ಕೋಳಿಗೆ ಮೂವರು ಕಾವಲುಗಾರರು

2014ನೆಯ ಇಸವಿ ಜನವರಿ ಹದಿಮೂರು, ಸೋಮವಾರ, ಬೆಳಿಗ್ಗೆ ಆರೂವರೆ ಗಂಟೆಗೆ ಈ ಪ್ರಕರಣ ಆರಂಭವಾಯಿತು. ನಿವೃತ್ತರಾದವರ ಮನೆಗೆ ಕೆಲಸ ತಾನಾಗಿಯೇ ನಡೆದು ಬರುತ್ತದೆ. ಅದು ಮುಂಬಾಗಿಲಿಗೆ ಬಂದು ಕೇಳಿದರೆ ಇಲ್ಲವೆನ್ನಬಹುದು. ಆದ್ದರಿಂದ ಹಿತ್ತಲ ಕಡೆಯಿಂದ ಬರುತ್ತದೆ.

ಆ ದಿನ ಹಿತ್ತಲಲ್ಲಿ ನಿಂತಿದ್ದವಳು ಪಕ್ಕದ ಮನೆಯಾಕೆ. ಎರಡು ಬಿದಿರಿನ ಬುಟ್ಟಿಗಳಲ್ಲಿ ಆರು ಜವಾರಿ ಹೇಂಟೆಗಳು, ಒಂದು ಹುಂಜ. ನಿಪ್ಪಾಣಿಗೆ ಕೊಟ್ಟ ಅವಳ ಮಗಳು ಚೊಚ್ಚಲ ಬಸುರಿ. ಮೈಯಲ್ಲಿ ರಕ್ತ ಕಡಿಮೆ ಇದೆ, ಹಾಸಿಗೆ ಬಿಟ್ಟು ಏಳಬಾರದು ಎಂದು ವೈದ್ಯರು ಹೇಳಿದ್ದರು. ಹೆರಿಗೆಯಾಗುವವರೆಗೆ ತಾಯಿ ಅಲ್ಲಿಯೇ ಇದ್ದು, ಆಮೇಲೆ ಬಾಣಂತಿಯನ್ನೂ ಕೂಸನ್ನೂ ರಾಯಬಾಗದ ಹೊರಗಿನ ನಮ್ಮ ಈ ಓಣಿಗೆ ಕರೆತರುವವಳಿದ್ದಳು. ಮನೆಯಲ್ಲಿ ಉಳಿಯುವ ಅವಳ ಗಂಡ ಹಗಲೆಲ್ಲ ಕಬ್ಬಿನ ಕಟಾವಿಗೆ ಹೋಗುವವನು. ಬಾಣಂತಿಗೆ ತತ್ತಿಯೂ ಸಾರೂ ಆಗಲೆಂದು ದಸರೆಯಿಂದ ಸಾಕಿದ ಕೋಳಿಗಳನ್ನು ಈಗ ಯಾರಾದರೂ ನೋಡಿಕೊಳ್ಳಬೇಕಿತ್ತು.

“ನನ್ನ ಕಡೆ ಯಾಕ ಬಿಡತೀಯವ್ವಾ? ನಾ ಎಂದೂ ಕೋಳಿ ಮುಟ್ಟಿದಾಕಿ ಅಲ್ಲ” ಎಂದೆ.

“ಅದಕ್ಕ ನಿಮ್ಮ ಕಡೆ ಬಿಡತೀನ್ರಿ ಬಾಯಾರ. ನೀವು ತಿನ್ನಂಗಿಲ್ಲ. ಬ್ಯಾರೆದವರ ಕಡೆ ಬಿಟ್ರ ವಾರಕ್ಕೊಂದ ನರಿ ಒಯ್ತೈತಿ. ಆ ನರಿಗೆ ಎರಡ ಕಾಲ ಇರ್ತಾವ.”

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತ ಕೋಳಿಮೊಟ್ಟೆಯ ಸೀಳುಚಿತ್ರವನ್ನು ವರ್ಷವರ್ಷವೂ ಹಲಗೆಯ ಮೇಲೆ ಬರೆದವಳು ನಾನು. ಅದನ್ನು ಇಡುವ ಪ್ರಾಣಿಯೊಡನೆ ನನಗೆ ಯಾವ ವ್ಯವಹಾರವೂ ಇರಲಿಲ್ಲ. ಆದರೂ ಮಾತು ಕೊಟ್ಟೆ.

ಒಂದು: ಕುರಿಗಾರನ ನಾಯಿ

ನಮ್ಮ ಹಿತ್ತಲ ಆಚೆ ಕಬ್ಬಿನ ಹೊಲ. ಕಬ್ಬು ನಿಂತಿರುವವರೆಗೆ ನರಿ, ಕಾಡುಬೆಕ್ಕು, ಮುಂಗುಲಿಗಳು ಅದರೊಳಗೆ ಇಲಿ ತಿಂದುಕೊಂಡು ಇರುತ್ತವೆ. ಕಟಾವಾದ ಕೂಡಲೇ ಅವುಗಳಿಗೆ ಮನೆಯೂ ಇಲ್ಲ, ಊಟವೂ ಇಲ್ಲ. ಆಕೆ ಹೋದ ವಾರದಲ್ಲಿಯೇ ಆ ಹೊಲ ಕಟಾವಾಯಿತು. ಮರುದಿನ ಬೆಳಿಗ್ಗೆ ಒಂದು ಹೇಂಟೆ ಇರಲಿಲ್ಲ. ಹೊಲದಲ್ಲಿ ಬಿದ್ದ ಕಬ್ಬಿನ ಒಣಗರಿಯ ರವದಿಯ ಮೇಲೆ ಪುಕ್ಕಗಳಿದ್ದವು.

ಮುಚ್ಚಿಡುವುದು ನನ್ನ ಸ್ವಭಾವವಲ್ಲ. ಫೋನು ಮಾಡಿ ಹೇಳಿದೆ.

“ನರಿ ತಿಂತೇನ್ರೀ, ಇಲ್ಲಾ ಯಾರರ ತಿಂದ್ರೇನ್ರೀ?”

“ನರಿ. ನಾಕ ಕಾಲಿಂದ.”

“ಹಂಗಾದ್ರ ಚಿಂತಿಲ್ಲ ಬಿಡ್ರಿ” ಎಂದಳು. ಅವಳ ಅನುಮಾನ ಪರಿಹಾರವಾಯಿತು. ನನ್ನ ಚಿಂತೆ ಹಾಗೆಯೇ ಉಳಿಯಿತು.

ಅಲಖನೂರಿನ ಕುರಿಗಾರನೊಬ್ಬನಿಗೆ ಹೇಳಿ ಕಳಿಸಿದೆ. ಅವನು ಕಂದು ಬಣ್ಣದ ದೊಡ್ಡ ನಾಯಿಯೊಂದನ್ನು ತಂದು ಬಿಟ್ಟ. “ತೋಳಕ್ಕ ಹೆದರಂಗಿಲ್ರೀ ಅಕ್ಕಾರ. ನರಿ ಅಂದ್ರ ಇದಕ್ಕ ನಾಷ್ಟಾ” ಎಂದ.

ನಾಯಿ ಗಂಭೀರವಾಗಿತ್ತು. ಕೋಳಿಗಳ ಕಡೆ ಬೆನ್ನು ಮಾಡಿ ಮಲಗಿತು. ಅದನ್ನು ನಾನು ಆತ್ಮವಿಶ್ವಾಸ ಎಂದು ತಿಳಿದೆ. ಎರಡು ದಿನ ಕಳೆದ ಮೇಲೆ ಓಣಿಯಲ್ಲಿ ಪರವೂರಿನ ಕುರಿಹಿಂಡು ಹಾಯ್ದುಹೋಯಿತು. ನಾಯಿ ಎದ್ದಿತು, ಗೋಡೆ ಹಾರಿತು, ಹಿಂಡಿನ ಹಿಂದೆ ಹೊರಟೇ ಹೋಯಿತು. ನಾನು ರಿಕ್ಷಾ ಮಾಡಿಕೊಂಡು ಹೋಗಿ ಆ ಹಿಂಡನ್ನು ಹಿಡಿದೆ.

“ಈ ನಾಯಿ ನಿಮ್ಮದೇನಪ್ಪಾ?”

“ನಮ್ಮದಲ್ರೀ. ಆದ್ರ ಭಾಳ ಚಲೋ ಕಾಯಾಕತ್ತೈತಿ” ಎಂದರು ಹಿಂಡಿನವರು.

ಅಲಖನೂರಿನವನು ಬಂದು ಅದನ್ನು ಕರೆದೊಯ್ಯುವಾಗ ನಾನು ಸ್ವಲ್ಪ ಬಿರುಸಾಗಿಯೇ ಮಾತನಾಡಿದೆ. ಅವನು ನಾಯಿಯ ಪರವಾಗಿ ನಿಂತ. “ಅದರದೇನ ತಪ್ಪ್ರೀ? ಹುಟ್ಟಿದಾಗಿಂದ ಕುರ್ಯಾಗ ಬೆಳದೈತಿ. ಕೋಳೀನೂ ನಿಂದ ಅಂತ ಅದಕ್ಕ ಯಾರ ಹೇಳ್ಯಾರ?” ನಾಯಿಯ ಕೊರಳಿಗೆ ಹಗ್ಗ ಕಟ್ಟುತ್ತ, “ನೀವರ ಹೇಳಿದ್ರೇನು?” ಎಂದೂ ಕೇಳಿದ.

ಎರಡು: ಭಟ್ಟಿಯ ಕತ್ತೆ

ಕತ್ತೆಗೆ ನಾಯಿ, ನರಿಗಳ ಜಾತಿಯೇ ಆಗದು ಎಂದು ನಾನು ಓದಿದ್ದೆ. ಇಟ್ಟಂಗಿ ಭಟ್ಟಿಯವರ ಬಳಿ ಕಾಲು ಉಳುಕಿ ಕೆಲಸಕ್ಕೆ ಬಾರದೆ ನಿಂತ ಕತ್ತೆಯೊಂದಿತ್ತು. ಮೇವು ಹಾಕುವ ಕರಾರಿನ ಮೇಲೆ ತಂದು ಹಿತ್ತಲಲ್ಲಿ ನಿಲ್ಲಿಸಿದೆ.

ಓದಿದ್ದು ಸುಳ್ಳಾಗಲಿಲ್ಲ. ಮರುದಿನ ನಸುಕಿನಲ್ಲಿ ನರಿಯೊಂದು ಗೋಡೆಯ ಬಿರುಕಿನಿಂದ ತಲೆ ಹಾಕಿತು. ಕತ್ತೆ ಕಿವಿ ಹಿಂದಕ್ಕೆ ಮಾಡಿ, ಓಣಿಗೆ ಓಣಿಯೇ ಎದ್ದು ಕೂರುವಂತೆ ಅರಚುತ್ತ ಅದರ ಮೇಲೆ ಹೋಯಿತು. ಆ ನರಿಯನ್ನು ಮತ್ತೆ ಯಾರೂ ಕಾಣಲಿಲ್ಲ.

ಆದರೆ ನಿವೃತ್ತ ಮುಖ್ಯೋಪಾಧ್ಯಾಯಿನಿಯ ಮನೆಯಲ್ಲಿ ಕತ್ತೆ ಇದ್ದರೆ ಊರು ಸುಮ್ಮನಿರುವುದಿಲ್ಲ. ಒಂದು ಸಂಜೆ ಇಬ್ಬರು ತರುಣರು ಗೋಡೆಯಾಚೆ ನಿಂತು ಮಾತನಾಡುತ್ತಿದ್ದರು. ನಾನು ಕಿಟಕಿಯ ಒಳಗಿದ್ದೆ.

“ಬಾಯಾರು ರಿಟೈರ್ ಆದ್ರೂ ಕಲಿಸೂದು ಬಿಟ್ಟಿಲ್ಲ ನೋಡಲೇ.”

“ಈ ಸಲ ವರ್ಗದಾಗ ಒಬ್ಬನ ಅದಾನ. ಪಾಸ್ ಆದಾನು ಬಿಡು.”

ಎರಡನೆಯ ದನಿಯ ಗುರುತು ನನಗೆ ಹತ್ತಿತು. ಆ ದನಿ ನನ್ನ ಹತ್ತನೆಯ ತರಗತಿಯಲ್ಲಿ ಮೂರು ವರ್ಷ ಇತ್ತು.

ನಗೆಯನ್ನು ಸಹಿಸಿಕೊಳ್ಳಬಹುದಿತ್ತು. ಆದರೆ ಕತ್ತೆಯ ದ್ವೇಷ ನರಿಗಷ್ಟೇ ಸೀಮಿತವಾಗಿತ್ತು. ಮುಂಗುಲಿ ಅದರ ಹೊಟ್ಟೆಯ ಕೆಳಗೇ ಹಾಯ್ದು ತತ್ತಿ ಒಯ್ದಿತು. ಒಂದು ಮಧ್ಯಾಹ್ನ ಕಾಡುಬೆಕ್ಕು ಅದರ ಕಾಲುಗಳ ನಡುವಿನಿಂದಲೇ ಇನ್ನೊಂದು ಹೇಂಟೆಯನ್ನು ಎಳೆದುಕೊಂಡು ಹೋಯಿತು. ಕತ್ತೆ ಆಗ ಕೋಳಿಗೆಂದು ಹಾಕಿದ ಜೋಳ ತಿನ್ನುತ್ತಿತ್ತು.

ಉಳಿದದ್ದು ನಾಲ್ಕು ಹೇಂಟೆ, ಒಂದು ಹುಂಜ. ಮತ್ತೆ ಫೋನು ಮಾಡಿದೆ. ಈ ಸಲ ಆಕೆ ಎಷ್ಟು ಕಾಲಿನದು ಎಂದು ಕೇಳಲಿಲ್ಲ.

“ಬಾಯಾರ, ನಮ್ಮ ಹುಡುಗಿ ಬರೂತನಕ ಒಂದರ ಉಳೀತೈತಿಲ್ರೀ?” ಎಂದಳು.

ಕತ್ತೆಯನ್ನು ಅದೇ ದಿನ ಭಟ್ಟಿಗೆ ಕಳಿಸಿದೆ. ಹೋಗುವಾಗ ಅದು ನನ್ನ ಕಡೆ ತಿರುಗಿ ನೋಡಿತು. ತಾನು ಪಾಸಾದೆನೆಂದೇ ತಿಳಿದಿತ್ತೇನೋ.

ಮೂರು: ಅಥಣಿ ಕಡೆಯ ಬಾತು

ಕೊಕಟನೂರಿನ ಹತ್ತಿರ ತೋಟದಲ್ಲಿರುವ ರೈತನೊಬ್ಬ ಒಂಟಿ ಗಂಡು ಬಾತನ್ನು ಕೊಟ್ಟುಬಿಡುವನೆಂದು ತಿಳಿಯಿತು. ಕೆರೆಯಲ್ಲಿ ಕಾಣುವ ಸಣ್ಣ ಬಾತಲ್ಲ. ಉದ್ದ ಕತ್ತಿನ, ಕೂಸಿನಷ್ಟು ತೂಕದ ಬಿಳಿ ಹೆಬ್ಬಾತು. ಅದರ ಜೋಡಿ ಸತ್ತ ಮೇಲೆ ತೋಟದ ಕೋಳಿಗಳನ್ನೇ ತನ್ನ ಮನೆಮಂದಿ ಎಂದುಕೊಂಡಿತ್ತು.

“ಇಷ್ಟು ಚಲೋದನ್ನ ಯಾಕ ಕೊಡತೀರಿ?” ಎಂದು ಕೇಳಿದೆ.

“ನಮ್ಮವ್ವಗ ಕಚ್ಚೇತ್ರಿ.”

“ಅಷ್ಟಕ್ಕ ಕೊಡತೀರಾ?”

“ಕಚ್ಚಿದ್ದು ಮಾಫ್ ಆಗಿತ್ರಿ. ಆಗ ನನ್ನ ಹೆಂಡ್ತಿ ನಕ್ಕಳು. ಅದನ್ನ ನಮ್ಮವ್ವ ನೋಡಿದ್ಲು.” ಹೆಂಡತಿ, ಬಾತು, ಎರಡರಲ್ಲಿ ಒಂದನ್ನು ಮನೆಯಿಂದ ಕಳಿಸದೆ ಗತಿಯಿರಲಿಲ್ಲ, ಅವನು ಬಾತನ್ನು ಆರಿಸಿಕೊಂಡಿದ್ದ.

ಅದು ನನ್ನ ಹಿತ್ತಲಿಗೆ ಬಂದು, ಕತ್ತು ಚಾಚಿ, ನಾಲ್ಕು ಹೇಂಟೆ ಮತ್ತು ಹುಂಜವನ್ನು ಒಮ್ಮೆ ಸುತ್ತಿ ನೋಡಿತು. ಯಾರೂ ಹೇಳಿಕೊಡಬೇಕಾಗಲಿಲ್ಲ. ಅಂದಿನಿಂದ ಹದ್ದಿನ ನೆರಳು ಬಿದ್ದರೆ ಕೂಗು. ಕೋಳಿಗಳೆಲ್ಲ ಬುಟ್ಟಿಯ ಕೆಳಗೆ. ಮುಂಗುಲಿ ಬಂದರೆ ರೆಕ್ಕೆ ಬಿಚ್ಚಿ ಮೈಮೇಲೆ ನುಗ್ಗುತ್ತಿತ್ತು. ಗ್ಯಾಸ್ ಸಿಲಿಂಡರಿನವನು ಸಿಲಿಂಡರನ್ನು ಬಾಗಿಲ ಹೊರಗೇ ಉರುಳಿಸಿ ಓಡಿದ. ಮದುವೆ ಪತ್ರಿಕೆ ತಂದವರು ಗೇಟಿನ ಆಚೆಯಿಂದಲೇ ವಧುವರರ ಹೆಸರು ಕೂಗಿ ಹೇಳಿದರು. ಪ್ರತಿ ಹಬ್ಬಕ್ಕೂ ಚಂದಾ ಪಟ್ಟಿ ಎತ್ತಲು ಬರುವ ತರುಣಮಂಡಳಿಯವರಂತೂ ಒಮ್ಮೆ ಬಂದವರು ಮತ್ತೆ ಬರಲಿಲ್ಲ. ಆಗ ಮೊದಲ ಬಾರಿಗೆ ನನಗೆ ಆ ಪಕ್ಷಿಯ ಬಗ್ಗೆ ಗೌರವ ಹುಟ್ಟಿತು.

ಆಮೇಲೆ ಒಂದು ಕೋಳಿಯೂ ಹೋಗಲಿಲ್ಲ.

ನಾಲ್ಕು: ಮಾಲಕರು ಬಂದರು

ಮಾರ್ಚ್ ತಿಂಗಳಲ್ಲಿ ತಾಯಿ, ಮಗಳು, ಕೂಸು ಜೀಪಿನಿಂದ ಇಳಿದರು. ಹೊಟ್ಟೆ ಕೊಯ್ದು ಕೂಸು ತೆಗೆದಿದ್ದರು, ರಕ್ತ ಹಾಕಿಸಬೇಕಾಯಿತಂತೆ. ಹುಡುಗಿ ಸುಣ್ಣ ಬಳಿದ ಗೋಡೆಯ ಬಣ್ಣಕ್ಕಿದ್ದಳು. ಏನು ಕೇಳಿದರೂ ತಲೆಯಾಡಿಸುವಳು, ಮಾತಿಲ್ಲ. ಅವರ ಕಟ್ಟೆಯ ಮೇಲೆ, ನನ್ನ ಹಿತ್ತಲು ಕಾಣುವಂತೆ, ಅವಳನ್ನು ಬಿಸಿಲಿಗೆ ಕೂರಿಸಿದರು.

ತಾಯಿ ಬುಟ್ಟಿ ಹಿಡಿದು ಬಂದಳು. “ಒಂದ ಒಯ್ತೀನ್ರಿ ಬಾಯಾರ. ಇವತ್ತ ಸಾರ ಮಾಡಿ ಹಾಕಬೇಕು.”

ಅವಳು ಬಗ್ಗಿ ಮೈಯೆಲ್ಲ ಚುಕ್ಕೆಯಿದ್ದ ಕಬರಿ ಹೇಂಟೆಗೆ ಕೈ ಹಾಕಿದಳು. ಅದು ಕಿರುಚಿತು. ಬಾತು ಹಿಂದಿನಿಂದ ಬಂದು ಸೀರೆ ಕಚ್ಚಿತು. ಆಕೆ ಬುಟ್ಟಿ ಎಸೆದು ಅರಿವೆ ಒಗೆಯುವ ಕಲ್ಲನ್ನೇರಿದಳು. ಬಾತು ಕಲ್ಲಿನ ಸುತ್ತ ಪಹರೆ ತಿರುಗತೊಡಗಿತು.

“ಬಾಯಾರ! ನನ್ನ ಕೋಳಿ ನನಗ ಕೊಡವಲ್ದಲ್ರೀ ಇದು!”

ಆಕೆಯ ಗಂಡ ಬಡಿಗೆ ಹಿಡಿದು ಬಂದ. ಬಾತು ಮೊದಲು ಬಡಿಗೆಯನ್ನು, ಆಮೇಲೆ ಧೋತರವನ್ನು ವಿಚಾರಿಸಿಕೊಂಡಿತು. ಅವನೂ ಕಲ್ಲನ್ನೇರಿದ. ಕಲ್ಲು ಒಬ್ಬರಿಗಷ್ಟೇ ಇತ್ತು.

“ಸರಕೋ ಬೇ!”

“ಎಲ್ಲಿ ಸರಕೊಳ್ಳಲಿ? ನೀವ ಇಳೀರಿ, ಗಂಡಸರು!”

“ಬಾಯಾರ, ನಾವ ಮಾಲಕರು ಅಂತ ಅದಕ್ಕ ತಿಳಿಸಿ ಹೇಳ್ರಿ!”

ಕಟ್ಟೆಯ ಕಡೆಯಿಂದ ಒಂದು ಸದ್ದು ಬಂತು. ಬಾಣಂತಿ ಕೂಸನ್ನು ಎದೆಗೊತ್ತಿಕೊಂಡು, ಇನ್ನೊಂದು ಕೈಯಿಂದ ಹೊಟ್ಟೆ ಹಿಡಿದು ನಗುತ್ತಿದ್ದಳು. ಕಣ್ಣಲ್ಲಿ ನೀರು, ಮುಖಕ್ಕೆ ತುಸು ಬಣ್ಣ.

ತಾಯಿ ಕಲ್ಲಿನ ಮೇಲಿಂದಲೇ ಗದರಿದಳು: “ನಗಬ್ಯಾಡ ಬೇ! ಹೊಲಿಗಿ ಬಿಚ್ಚತಾವ!”

ಅದಕ್ಕೆ ಹುಡುಗಿ ಇನ್ನಷ್ಟು ನಕ್ಕಳು.

ನಾನು ನಗಲಿಲ್ಲ. ಬಾತು ಕಂಡದ್ದರಲ್ಲಿ ತಪ್ಪೇನೂ ಇರಲಿಲ್ಲ: ಕೋಳಿಯೊಂದನ್ನು ಒಯ್ಯಲು ಯಾರೋ ಬಂದಿದ್ದರು. ನರಿಗೆ ಹಸಿವಿತ್ತು, ಬೆಕ್ಕಿಗೆ ಹಸಿವಿತ್ತು, ಬುಟ್ಟಿ ತಂದವಳ ಮಗಳಿಗೂ ರಕ್ತ ಬೇಕಿತ್ತು. ಕಬರಿ ಹೇಂಟೆಗೆ ಅವರಲ್ಲಿ ಭೇದವಿಲ್ಲ. ಭೇದ ಮಾಡಬೇಕಾದವಳು ನಾನು. ಇಷ್ಟು ದಿನ ನಾವಿಬ್ಬರೂ ಒಂದೇ ಹಿತ್ತಲು ಕಾದಿದ್ದೆವು. ಬಾತು ಕಾದದ್ದು ಕೋಳಿಗಳನ್ನು, ನಾನು ಕಾದದ್ದು ಕೊಟ್ಟ ಮಾತನ್ನು.

ಕಂಬಳಿ ತಂದು ಬಾತಿನ ಮೇಲೆ ಹಾಕಿದೆ. ಅದನ್ನು ಸುತ್ತಿ ಕಂಕುಳಲ್ಲಿ ಹಿಡಿದೆ. ಕಂಬಳಿಯೊಳಗಿನಿಂದಲೇ ಅದು ನನ್ನನ್ನೂ ಕಚ್ಚಿತು. “ಕಬರಿ ಬ್ಯಾಡ, ಅದು ತತ್ತಿ ಇಡಾಕತ್ತೈತಿ. ಹುಂಜ ಒಯ್ಯಿ” ಎಂದೆ. ಆಕೆ ಹುಂಜವನ್ನು ಒಯ್ದಳು.

ಉಳಿದ ಕೋಳಿಗಳನ್ನು ಬಾಣಂತಿಗೆ ಬೇಕಾದಂತೆ ಒಂದೊಂದಾಗಿ ನಾನೇ ಹಿಡಿದುಕೊಡುವುದೆಂದೂ, ಬಾತನ್ನು ಅಥಣಿಗೆ ತಿರುಗಿ ಕಳಿಸದೆ ಇಟ್ಟುಕೊಳ್ಳುವುದೆಂದೂ ಆ ದಿನ ನಿರ್ಧರಿಸಿದೆ.