ಅತ್ತೆಯ ಹಲ್ಲಿಗೊಂದು ಬಂಗಾರದ ಕೀಲು

ನಮ್ಮ ಸೋದರಮಾವನ ಪ್ರಕಾರ ಜಗತ್ತಿನಲ್ಲಿ ಇರುವುದು ಎರಡೇ ಬಗೆಯ ವಸ್ತುಗಳು: ಅವರು ಬಿಚ್ಚಿದವು, ಅವರು ಇನ್ನೂ ಬಿಚ್ಚದವು! ಆದವಾನಿಯ ಹತ್ತಿ ಜಿನ್ನಿಂಗ್ ಮಿಲ್ಲೊಂದರಲ್ಲಿ ಫಿಟ್ಟರ್ ಆಗಿದ್ದ ಅವರು ಮದುವೆಮನೆಗೂ ಜೇಬಿನಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡೇ ಹೋಗುತ್ತಿದ್ದರು. ನನ್ನ ಮದುವೆಯಲ್ಲಿ ವಾಲಗದವರ ಶ್ರುತಿಪೆಟ್ಟಿಗೆ "ಗೊರಗೊರ ಅಂತೈತಿ" ಎಂದು ಬಿಚ್ಚಿ ಕೂತರು. ತಾಳಿ ಕಟ್ಟುವ ಹೊತ್ತಿಗೆ ಶ್ರುತಿಯೇ ಇಲ್ಲ, ಬರೀ ಡೋಲು! ನನ್ನ ಸಂಸಾರದಲ್ಲಿ ಇಂದಿಗೂ ಗದ್ದಲ ಜಾಸ್ತಿ ಇರುವುದು ಅದಕ್ಕೇ ಇರಬೇಕು.

ಐವತ್ತರ ದಶಕದ ಮಾತು. ಬಾವಿಯಿಂದ ನೀರು ಸೇದಿ ಸೇದಿ ಅತ್ತೆಗೆ ಭುಜ ನೋಯುತ್ತಿತ್ತು. ಅದನ್ನು ನೋಡಲಾರದೆ ಮಾವ ಎಲ್ಲಿಂದಲೋ ಹಳೆಯ ಚಕ್ರವೊಂದನ್ನು ತಂದು, ಬಾವಿಯ ರಾಟೆಗೆ ತಿರುಗಿಸುವ ಕಬ್ಬಿಣದ ಹಿಡಿ ಜೋಡಿಸಿದರು. ಮೊದಲ ಕೊಡ ಸಲೀಸಾಗಿ ಮೇಲೆ ಬಂತು. ಎರಡನೆಯದು ಅರ್ಧಕ್ಕೆ ಬಂದಾಗ ಹಿಡಿ ಅತ್ತೆಯ ಕೈಜಾರಿ, ಗಿರ್ರನೆ ಹಿಂದಕ್ಕೆ ತಿರುಗಿ ಬಾಯಿಗೆ ಬಡಿಯಿತು. ಮುಂದಿನ ಹಲ್ಲೊಂದು ಒಸಡಿನ ಹತ್ತಿರಕ್ಕೆ ಮುರಿದುಹೋಯಿತು.

ಮಾವ "ತಪ್ಪಾಯಿತು" ಅನ್ನಲಿಲ್ಲ. ಅಂಥ ಮಾತು ಅವರಿಗೆ ಬರುತ್ತಿರಲಿಲ್ಲ. ಅಂದೇ ಹಿಡಿಯನ್ನು ಬಿಚ್ಚಿ ಎಸೆದರು. ಮರುದಿನದಿಂದ ನೀರು ತಾವೇ ಸೇದತೊಡಗಿದರು.

ಹಲ್ಲಿನ ಡಾಕ್ಟರು ಬೇರನ್ನು ಕೀಳದೆ, ಒಳಗಿನ ನರ ತೆಗೆದು, ಶುದ್ಧಮಾಡಿ ಔಷಧ ತುಂಬಿದರು. ನೋವು ನಿಂತಿತು. ಆದರೆ ಅತ್ತೆ ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯತೊಡಗಿದರು. ಆಮೇಲಾಮೇಲೆ ನಗುವುದನ್ನೇ ಬಿಟ್ಟರು. ಇನ್ನು ಆ ಬೇರಿನೊಳಗೆ ಕೀಲೊಂದನ್ನು ನಿಲ್ಲಿಸಿ, ಅದರ ಮೇಲೆ ಹೊಸ ಹಲ್ಲು ಕೂರಿಸಬೇಕಿತ್ತು. ಯಾವ ಕೀಲು? ಅದನ್ನು ಡಾಕ್ಟರು ನಿರ್ಧರಿಸಬೇಕಲ್ಲವೇ ಎನ್ನುತ್ತೀರಾ? ನೀವು ನಮ್ಮ ಮಾವನನ್ನು ಕಂಡಿಲ್ಲ!

ಆಲೂರಿನ ಶಾಲೆಯಲ್ಲಿ ಟೀಚರಾಗಿದ್ದ ನಾನು ಅತ್ತೆಗೆ ಜೊತೆಯಾಗಲೆಂದು ರಜೆ ಹಾಕಿ ಹೋಗಿದ್ದೆ. ಡಾಕ್ಟರು ಎರಡು ದಾರಿ ಹೇಳಿದರು. ಒಂದು, ಮದರಾಸಿನಿಂದ ತರಿಸಿಟ್ಟ ಸಿದ್ಧ ಸ್ಕ್ರೂ. ಕೆಲಸ ಇವತ್ತೇ ಮುಗಿಯುತ್ತದೆ. ಇನ್ನೊಂದು, ಬೇರಿನ ಅಚ್ಚನ್ನು ಮೇಣದಲ್ಲಿ ತೆಗೆದು ಬಂಗಾರದಲ್ಲಿ ಎರಕ ಹೊಯ್ಯುವುದು; ವಾರ ಕಾಯಬೇಕು.

ಮಾವ ಸ್ಕ್ರೂ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು.

"ಇದು ಬ್ಯಾಡ್ರಿ ಡಾಕ್ಟ್ರೇ. ನರ ತೆಗೆದ ಹಲ್ಲು ಒಣಗಿದ ಕಟಿಗಿ ಇದ್ದಂಗ. ಸ್ಕ್ರೂ ಬಿಗಿ ಮಾಡಿದ್ರ ಸೀಳತೈತಿ."

"ಸರಿ, ಎರಕದ್ದು?"

"ಎಷ್ಟುದ್ದ?"

ಡಾಕ್ಟರು ಬೆರಳಿನಲ್ಲಿ ತೋರಿಸಿದರು.

"ಸಾಲಂಗಿಲ್ಲ! ಮ್ಯಾಲ ಹಲ್ಲು ಎಷ್ಟುದ್ದ ನಿಲ್ಲತೈತೋ, ಒಳಗೂ ಅಷ್ಟರ ಇಳೀಬೇಕು. ಕೆಳಗ ನಿಮ್ಮ ಔಷಧ ಒಂದೀಟು ಉಳೀಲಿ. ಮತ್ತ ಗುದ್ದಲಿ ಕಾವಿಗೆ ಕಬ್ಬಿಣದ ಬಳಿ ಹಾಕ್ತೀವಲ್ಲ, ಹಂಗ ಹೊಸ ಹಲ್ಲು ಬೇರಿನ ತಲಿ ಸುತ್ತ ಹಿಡಕೊಂಡು ಕೂಡಬೇಕು. ಇಲ್ಲಂದ್ರ ಅಳ್ಳಾಡತೈತಿ."

"ಏಮಯ್ಯಾ, ನುವ್ವು ಫಿಟ್ಟರಾ, ಡಾಕ್ಟರಾ?" ಡಾಕ್ಟರು ತೆಲುಗಿನಲ್ಲಿ ನಕ್ಕರು. "ನಾನು ಹೇಳಬೇಕಂತಿದ್ದದ್ದೂ ಅದೇ!"

"ಎರಡೂ ಒಂದ ಕೆಲಸರಿ. ನಿಮ್ಮ ಮಿಷನ್ನು ಅಯ್ಯೋ ಅಂತೈತಿ, ನಮ್ಮದು ಅನ್ನಂಗಿಲ್ಲ. ಅಷ್ಟ!"

ಆ ವಾರವೆಲ್ಲ ಮಾವ ಮಿಲ್ಲು ಬಿಟ್ಟೊಡನೆ ದವಾಖಾನೆಗೆ ಹಾಜರು. "ಎರಕ ಆತೇನ್ರಿ?" ಮೂರನೆಯ ದಿನ, ಡಾಕ್ಟರು ಕಾಫಿಗೆ ಹೋಗಿದ್ದಾಗ, ರೋಗಿಗಳ ಕುರ್ಚಿ ಕಿರುಗುಟ್ಟುತ್ತದೆಂದು ಅದನ್ನೂ ಬಿಚ್ಚಿ ಹರವಿದರು. ಅವತ್ತು ಬಂದ ಶೆಟ್ಟರೊಬ್ಬರು ಕಾಲುಮಣೆಯ ಮೇಲೆ ಕೂತು ಹಲ್ಲು ಕೀಳಿಸಿಕೊಂಡರಂತೆ!

ಕೊನೆಗೆ ಕೀಲು ಸಿದ್ಧವಾಯಿತು. ಅಕ್ಕಿಕಾಳಿನಷ್ಟು ಬಂಗಾರ. ಅತ್ತೆ ಕುರ್ಚಿಯಲ್ಲಿ ಕೂತರು. ಮಾವ ಪಕ್ಕದಲ್ಲಿ ನಿಂತು ಆಕೆಯ ಕೈ ಹಿಡಿದರು. ಡಾಕ್ಟರು ಸಿಮೆಂಟು ಕಲಸಿ ಕೀಲು ಇಳಿಸಿದರು, ಅದರ ಮೇಲೆ ಬಿಳಿಯ ಹಲ್ಲು ಕೂರಿಸಿದರು. ಅಷ್ಟು ಹೊತ್ತೂ ಮಾವ ಒಂದೇ ಒಂದು ಸಲಹೆ ಕೊಡಲಿಲ್ಲ! ನನಗೆ ಭಯವೇ ಆಯಿತು.

"ಆಯ್ತಮ್ಮಾ. ನೋವೈತಾ?"

"ಹಲ್ಲು ನೋಯಂಗಿಲ್ರಿ," ಅತ್ತೆ ಮೆಲ್ಲಗೆ ಅಂದರು. "ಬೆರಳು ನೋಯಾಕತ್ತಾವ. ಇವ್ರಿಗೆ ಸ್ವಲ್ಪ ಬಿಡು ಅನ್ರಿ."

ನೋಡಿದರೆ, ಮಾವನ ಹಿಡಿತಕ್ಕೆ ಆಕೆಯ ಬೆರಳು ಬಿಳಿಚಿಕೊಂಡಿದ್ದವು. ಮಾವ ಬೆಚ್ಚಿ ಕೈಬಿಟ್ಟರು. ಆಮೇಲೆ ಆ ಬೆರಳುಗಳನ್ನು ಒಂದೊಂದಾಗಿ ತಿಕ್ಕತೊಡಗಿದರು.

"ನನ್ನಿಂದ ನಿನಗ..." ಎಂದರು.

ಅತ್ತೆ ಬಾಯ್ತುಂಬ ನಕ್ಕು, ಮಾವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಮನೆ ಮುಟ್ಟುವವರೆಗೂ ಬಿಡಲಿಲ್ಲ.