ತೂಕಡಿಸಿದವರಿಗೆ ಚಹಾ

ದೇವರ ವಾಕ್ಯ ಕೇಳುತ್ತಾ ತೂಕಡಿಸಿದವರಿಗೆ ನರಕ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮ ಭಾವನವರ ಸೆಮಿನರಿಯಲ್ಲಿ ಮಾತ್ರ ಚಹಾ ಇತ್ತು! ಅದೂ ಬಿಸಿಬಿಸಿ, ಶುಂಠಿ ಜಜ್ಜಿ ಹಾಕಿದ್ದು, ಪ್ರಸಂಗ ಮಾಡಿದವರೇ ಕೈಯಾರೆ ಕಾಸಿ ತಂದುಕೊಟ್ಟದ್ದು.

ಭಾವನವರೆಂದರೆ ನನ್ನ ಯಜಮಾನರ ಅಣ್ಣ. ಸಿಂಧನೂರಿನ ಹೊರಗೆ ಭತ್ತದ ಗದ್ದೆಗಳ ನಡುವೆ ಇರುವ ಒಂದು ಸಣ್ಣ ಬ್ಯಾಪ್ಟಿಸ್ಟ್ ಸೆಮಿನರಿಯಲ್ಲಿ, ಮುಂದೆ ಸಭಾಪಾಲಕರಾಗಲಿರುವ ಹುಡುಗರಿಗೆ ಪ್ರಸಂಗ ಮಾಡುವುದನ್ನು, ಅಂದರೆ ಪೀಠದ ಮೇಲೆ ನಿಂತು ದೇವರ ವಾಕ್ಯ ಬೋಧಿಸುವುದನ್ನು, ಕಲಿಸುತ್ತಿದ್ದರು. ಅದನ್ನೂ ಕಲಿಸಬೇಕೇ ಎಂದು ನೀವು ಕೇಳಬಹುದು. ನಮ್ಮ ಕಡೆ ಬಸ್ಸು ಸ್ವಲ್ಪ ತಡವಾದರೆ ಸಾಕು, ನಿಲ್ದಾಣದಲ್ಲಿ ನಿಂತವರೆಲ್ಲ ಪ್ರಸಂಗಿಗಳೇ. ಆದರೆ ಭಾವನವರ ಪ್ರಕಾರ ಮಾತಾಡುವುದು ಬೇರೆ, ಎದುರಿಗೆ ಕುಳಿತವರನ್ನು ಎಚ್ಚರವಾಗಿಡುವುದು ಬೇರೆ. ಎರಡನೆಯದು ಮಾತ್ರ ವಿದ್ಯೆ.

ಪ್ರತಿ ಮಂಗಳವಾರ ಚಾಪೆಲ್ ಆರಾಧನೆಯಲ್ಲಿ ಒಬ್ಬ ವಿದ್ಯಾರ್ಥಿ ಪ್ರಸಂಗ ಮಾಡಬೇಕು, ಉಳಿದವರು ಕೇಳಬೇಕು. ಒಮ್ಮೆ ಹೀಗೆ ಕೇಳುತ್ತಿದ್ದವನೊಬ್ಬ ಗೊರಕೆ ಹೊಡೆದ. ಪ್ರಿನ್ಸಿಪಾಲರು ಅವನನ್ನು ಎಬ್ಬಿಸಿ ಹೊರಗೆ ನಿಲ್ಲಿಸಲು ಹೋದರೆ ಭಾವನವರು ಅಡ್ಡ ಬಂದರು.

"ಮಲಗಿದಾವಂದು ಏನ್ ತಪ್ಪ ಐತ್ರಿ ಸರ್? ಮಲಗಿಸಿದಾವಂದು ತಪ್ಪು. ಅವ ಹೋಗಿ ಚಹಾ ಮಾಡ್ಕೊಂಡು ಬಂದು, ಇವಗ ಕುಡಿಸಿ, ತಪ್ಪಾತಪಾ ಅನ್ಲಿ."

ಅಂದಿನಿಂದ ಅದೇ ಕಾನೂನಾಯಿತು. ಪರಿಣಾಮ ಏನಾಯಿತೆಂದು ಹೇಳಬೇಕೇ? ಎರಡನೆಯ ಮಂಗಳವಾರಕ್ಕೆ ಅರ್ಧ ಚಾಪೆಲ್ ಮಲಗಿತ್ತು. ಮೂರನೆಯ ಮಂಗಳವಾರ ಎಚ್ಚರ ಉಳಿದವನು ಪ್ರಸಂಗಿಯೊಬ್ಬನೇ. ಪಾಪ, ಆ ಹುಡುಗ ಹಾಸ್ಟೆಲ್ಲಿನ ಅನ್ನದ ಪಾತ್ರೆಯಲ್ಲಿ ಚಹಾ ಕುದಿಸಿದ. ಭಾವನವರು ಸೋಲುವ ಪೈಕಿಯೇ? ಮುಂದಿನ ವಾರ ಮಲಗಿದವರ ಸಾಲಿನಲ್ಲಿ ನಡೆಯುತ್ತಾ, ಒಬ್ಬೊಬ್ಬರ ಕಿವಿಯ ಹತ್ತಿರ ಬಗ್ಗಿ, "ಇವತ್ತ ಸಜ್ಜಿರೊಟ್ಟಿ, ಎಣಗಾಯಿ" ಎಂದು ಪಿಸುಗುಟ್ಟಿದರು. ನಿಜವಾಗಿ ಮಲಗಿದವನ ಮುಖ ಕದಲಲಿಲ್ಲ. ನಾಟಕ ಮಾಡುತ್ತಿದ್ದವರ ಗಂಟಲಲ್ಲಿ ಮಾತ್ರ ಉಗುಳು ಇಳಿಯಿತು. ನಿಜದವನಿಗೆ ಚಹಾ, ನಾಟಕದವರಿಗೆ ಮುಂದಿನ ವಾರದಿಂದ ಸರದಿಯಂತೆ ಪ್ರಸಂಗ! ಆಮೇಲೆ ಸೆಮಿನರಿಯಲ್ಲಿ ಭಕ್ತಿ ಎಷ್ಟು ಹೆಚ್ಚಿತೋ ಗೊತ್ತಿಲ್ಲ, ಕಣ್ಣುಗಳೆಲ್ಲ ತೆರೆದೇ ಇರುತ್ತಿದ್ದವು.

ಅವರು ಕಲಿಸುತ್ತಿದ್ದ ರೀತಿಯೂ ಹಾಗೆಯೇ. ಸಂತೆಕಲ್ಲೂರಿನಿಂದ ಟಂಟಂ ಆಟೋದಲ್ಲಿ ಬಂದಿಳಿದವನಿಗೆ ಅರ್ಥವಾಗದ ಒಂದು ಮಾತೂ ಪ್ರಸಂಗದಲ್ಲಿ ಇರಕೂಡದು. ಇಸ್ರಾಯೇಲರು ಮರುಭೂಮಿಯಲ್ಲಿ ವರ್ಷಗಟ್ಟಲೆ ಅಲೆದದ್ದು ಹೇಗೆಂದರೆ, ಮಸ್ಕಿಯಿಂದ ಲಿಂಗಸುಗೂರಿಗೆ ಹೊರಟವರು ಗುರುಗುಂಟಾಕ್ಕೆ ಹೋಗಿ, ಅಲ್ಲಿಂದ ಮುದಗಲ್ಲಿಗೆ ಬಂದು, ಮತ್ತೆ ಮಸ್ಕಿಯಲ್ಲೇ ಇಳಿದಂತೆ. ಯೆರಿಕೋ ಪಟ್ಟಣದ ಗೋಡೆಯೆಂದರೆ ಮುದಗಲ್ಲಿನ ಕೋಟೆ. ಹುಡುಗರು ಇದನ್ನು ಎಷ್ಟು ನಂಬಿದರೆಂದರೆ, ಒಬ್ಬ ಪರೀಕ್ಷೆಯಲ್ಲಿ ಯೆರಿಕೋ ಎಲ್ಲಿದೆ ಎಂಬ ಪ್ರಶ್ನೆಗೆ 'ಲಿಂಗಸುಗೂರು ತಾಲೂಕಿನಲ್ಲಿ' ಎಂದು ಬರೆದು ಬಂದ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕೆಂಪಗಾದರು. ಭಾವನವರು ತಣ್ಣಗೆ ಕೇಳಿದರು:

"ಹುಡುಗ ಮುದಗಲ್ ಕ್ವಾಟಿ ನೋಡ್ಯಾನ್ರಿ. ನೀವು ಯೆರಿಕೋ ನೋಡೀರೇನು?"

ನೋಡಿರಲಿಲ್ಲ. ಹುಡುಗ ಪಾಸಾದ.

ಇನ್ನು ದೀಕ್ಷಾಸ್ನಾನದ ಪಾಠ. ಬ್ಯಾಪ್ಟಿಸ್ಟರಲ್ಲಿ ದೀಕ್ಷಾಸ್ನಾನವೆಂದರೆ ತಲೆಯ ಮೇಲೆ ನಾಲ್ಕು ಹನಿ ಚಿಮುಕಿಸುವುದಲ್ಲ, ಆಳನ್ನು ನೀರಿನಲ್ಲಿ ಪೂರ್ತಿ ಮುಳುಗಿಸಿ ಏಳಿಸುವುದು. ಸಭಾಪಾಲಕನಾಗುವವನಿಗೆ ಅದರ ಅಭ್ಯಾಸ ಬೇಡವೇ? ಭಾವನವರು ಹುಡುಗರನ್ನು ಕಾಲುವೆಗೆ ಕರೆದುಕೊಂಡು ಹೋಗಿ, ಮುಳುಗುವ ಪಾತ್ರವನ್ನು ತಾವೇ ವಹಿಸುತ್ತಿದ್ದರು. ಅಕ್ಕಿ ಮೂಟೆಯಂಥ ದೇಹ ಅವರದು. ಒಂದು ಸಲ ಗುರುಗುಂಟಾದ ಬಡಕಲು ಹುಡುಗನೊಬ್ಬ ಅವರನ್ನು ಹಿಂದಕ್ಕೆ ಬಾಗಿಸಿ ಮುಳುಗಿಸಿದವನು, ಭಕ್ತಿ ಉಕ್ಕಿ, ಕಣ್ಣು ಮುಚ್ಚಿ, ಎರಡೂ ಕೈ ಮೇಲೆತ್ತಿ ಪ್ರಾರ್ಥನೆಗೆ ಶುರುಮಾಡಿಬಿಟ್ಟ. ಅವನು ಆಮೆನ್ ಎಂದು ಕಣ್ಣು ತೆರೆದಾಗ ಎದುರಿಗೆ ನೀರು ಮಾತ್ರ ಇತ್ತು. ಭಾವನವರು ಕೆಳಗಡೆ ಬಟ್ಟೆ ಒಗೆಯುತ್ತಿದ್ದ ಹೆಂಗಸರ ಹತ್ತಿರ ತೇಲಿಹೋಗಿದ್ದರು. ಅವರೆಲ್ಲ ಸೇರಿ ಎಳೆದು ದಡಕ್ಕೆ ಹಾಕಿದರು. ನೀರು ಸುರಿಸುತ್ತಾ ವಾಪಸು ಬಂದ ಭಾವನವರು ಹುಡುಗನ ಹೆಗಲ ಮೇಲೆ ಕೈಯಿಟ್ಟು ಅಂಕ ಕೊಟ್ಟರು:

"ಮುಳುಗಿಸಿದ್ದು ಭಾಳ ಚಲೋ ಆತು. ಎಬ್ಬಸಾಂವ ಯಾರು, ನಿಮ್ಮಪ್ಪ?"

ಹೀಗೆ ಊರಿಗೆಲ್ಲ ಪ್ರಸಂಗ ಕಲಿಸಿದ ಮಹಾನುಭಾವರಿಗೆ ಒಂದೇ ಒಂದು ಕೊರಗಿತ್ತು. ಅದು ಅವರ ಹೆಂಡತಿ.

ನಾನು ಅವಳನ್ನು ಅಕ್ಕ ಎನ್ನುತ್ತೇನೆ. ಹಾಸ್ಟೆಲ್ಲಿನ ಅಡುಗೆಮನೆ ಅವಳದೇ ಕೈಯಲ್ಲಿ. ಭಾನುವಾರ ಭಾವನವರು ಪ್ರಸಂಗ ಪೀಠಕ್ಕೆ ಬರುವ ಹೊತ್ತಿಗೆ ಅವಳು ಅಷ್ಟೂ ಹುಡುಗರಿಗೆ ಬೇಯಿಸಿ ಬಡಿಸಿ, ಪಾತ್ರೆ ತೊಳೆಸಿ, ಮಧ್ಯಾಹ್ನದ ಬೇಳೆ ಒಲೆಗಿಟ್ಟು ಬಂದಿರುತ್ತಾಳೆ. ಹೆಂಗಸರ ಕಡೆ ಜಮಖಾನದ ಮೇಲೆ ಕಂಬಕ್ಕೊರಗಿ ಕೂರುತ್ತಾಳೆ. ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತಾಳೆ. ಭಾವನವರು "ಪ್ರಿಯ ಸಹೋದರರೇ, ಸಹೋದರಿಯರೇ" ಎನ್ನುತ್ತಾರಲ್ಲ, ಸಹೋದರರವರೆಗೆ ಎಚ್ಚರ ಇರುತ್ತಾಳೆ. ಸಹೋದರಿಯರ ಹೊತ್ತಿಗೆ ನಿದ್ದೆ. ಕೊನೆಯಲ್ಲಿ ಎಲ್ಲರಿಗಿಂತ ಜೋರಾಗಿ ಆಮೆನ್ ಎನ್ನುವವಳೂ ಅವಳೇ!

ಕಾನೂನು ಮಾಡಿದವರೇ ಮುರಿಯುವುದುಂಟೇ? ಪ್ರತಿ ಭಾನುವಾರ ಆರಾಧನೆ ಮುಗಿದ ಕೂಡಲೇ ಭಾವನವರು ಮನೆಗೆ ಬಂದು, ಅಂಗಿಯ ತೋಳು ಮಡಚಿ, ಚಹಾ ಕಾಸಿ ಹೆಂಡತಿಯ ಮುಂದಿಡುತ್ತಿದ್ದರು. ಅವಳು ಊದಿ ಊದಿ ಕುಡಿಯುತ್ತಿದ್ದಳು.

"ಅಲ್ಲ, ನನ್ನ ಪ್ರಸಂಗದಾಗ ಏನ್ ಕಮ್ಮಿ ಐತಿ ಹೇಳು," ಎಂದು ಅವರು ನನ್ನೆದುರಿಗೇ ಕೇಳಿದ್ದರು.

"ಸಕ್ಕರಿ ಕಮ್ಮಿ ಐತಿ," ಎಂದಳು ಅಕ್ಕ, ಲೋಟ ನೋಡುತ್ತಾ.

"ನಾ ಪ್ರಸಂಗ ಕೇಳಾಕತ್ತೀನಿ!"

"ಪ್ರಸಂಗ ಚಲೋ ಇರ್ತೈತಿ ಬಿಡ್ರಿ. ನಿಮ್ಮ ದನಿ ಕೇಳಿದ್ರ ನನಗ ನೆಮ್ಮದಿ ಆಗ್ತೈತಿ, ಕಣ್ಣು ತಾನ ಮುಚ್ತಾವು. ಮನಿಯಾಗ ಆ ದನೀಲೆ ಎಲ್ಲಿ ಮಾತಾಡ್ತೀರಿ?"

ಭಾವನವರು ಉಪಾಯಗಳಿಗೆ ಇಳಿದರು. ಪೀಠ ಗುದ್ದಿದರು. ಗುಡುಗಿದರು. ಸದ್ದಿಗೆ ಗದ್ದೆಯ ಬೆಳ್ಳಕ್ಕಿಗಳು ಎದ್ದು ಹಾರಿದವು, ಅಕ್ಕ ಏಳಲಿಲ್ಲ. ಕೊನೆಗೆ ಒಂದು ಭಾನುವಾರ, ಸತ್ಪತ್ನಿಯ ಮೇಲೆ ಪ್ರಸಂಗ ಮಾಡುತ್ತಾ, "ಈ ಹಬ್ಬಕ್ಕೆ ನಾನು ನನ್ನ ಹೆಂಡತಿಗೆ ಇಳಕಲ್ ಸೀರೆ ಕೊಡಿಸುತ್ತಿದ್ದೇನೆ" ಎಂದು ಪೀಠದಿಂದಲೇ ಸಾರಿದರು. ಹೆಂಗಸರ ಕಡೆ ಗುಜುಗುಜು ಎದ್ದಿತು. ಅಕ್ಕ ಮಾತ್ರ ಆಮೆನ್‌ಗೇ ಎದ್ದಳು. ಹೊರಗೆ ಬಂದಾಗ ಎಲ್ಲರೂ ಅವಳನ್ನು ಸುತ್ತುವರಿದು ಬಣ್ಣ ಯಾವುದು, ಅಂಚು ಎಂಥದ್ದು ಎಂದು ಕೇಳಿದರೆ, "ಯಾವ ಸೀರಿ?" ಎಂದು ಗಂಡನ ಮುಖ ನೋಡಿದಳು. ದೇವರ ಪೀಠದಿಂದ ಆಡಿದ ಮಾತು, ತಪ್ಪುವ ಹಾಗಿಲ್ಲ. ಭಾವನವರು ಅವತ್ತೇ ಸಿಂಧನೂರು ಪೇಟೆಗೆ ಹೋದರು.

ಹೋದ ವರ್ಷ ಅವರು ನಿವೃತ್ತರಾಗುವವರಿದ್ದರು. ಕಲಿತು ಮುಗಿಸಿದ ಹುಡುಗರನ್ನು ಊರೂರಿಗೆ ಕಳಿಸಿಕೊಡುವ ಆರಾಧನೆಯಲ್ಲೇ ಇವರ ಕಡೆಯ ಪ್ರಸಂಗ. ತಿಂಗಳು ಮೊದಲೇ ಮಸ್ಕಿಗೆ ನಮ್ಮ ಮನೆಗೆ ಬಂದವರು ನನ್ನನ್ನು ಪಕ್ಕಕ್ಕೆ ಕರೆದರು.

"ನೋಡವಾ, ಈ ಸಲ ಆಕಿ ಎಚ್ಚರ ಇರಬೇಕು. ಮಂದಿ ಎಷ್ಟ ಕೇಳಿದ್ರೇನು, ಆಕಿ ಕೇಳ್ಲಿಲ್ಲಂದ್ರ ನಾ ಇಷ್ಟ ವರ್ಷ ಯಾರಿಗಿ ಹೇಳ್ದಂಗಾತು? ನೀ ಆಕಿ ಬಾಜೂಕ ಕುಂದ್ರು. ತೂಕಡಿಸಿದ್ರ ಚಿವುಟು."

ನಗು ತಡೆದುಕೊಂಡು ಆಗಲಿ ಎಂದೆ. ಆದರೆ ಅವರ ಮುಖದಲ್ಲಿ ನಗು ಇರಲಿಲ್ಲ. ಆಮೇಲೆ ಅವರು ದಿನಾ ಗದ್ದೆಯ ಬದುವಿನ ಮೇಲೆ ನಿಂತು, ಭತ್ತದ ಪೈರಿಗೆ ಕೈ ಬೀಸಿ ಬೀಸಿ ಪ್ರಸಂಗದ ಅಭ್ಯಾಸ ಮಾಡುತ್ತಿದ್ದರೆಂದು ಹುಡುಗರು ಹೇಳಿದರು.

ಆ ದಿನ ಚಾಪೆಲ್ ತುಂಬಿತ್ತು. ಅಕ್ಕ ಆ ಇಳಕಲ್ ಸೀರೆಯನ್ನೇ ಉಟ್ಟಿದ್ದಳು. ನಾನು ಪಕ್ಕದಲ್ಲಿ ಬೆರಳು ಸಜ್ಜು ಮಾಡಿಕೊಂಡು ಕುಳಿತೆ. ಭಾವನವರು ಮಂದೆಯನ್ನೆಲ್ಲ ಬಿಟ್ಟು, ತಪ್ಪಿಸಿಕೊಂಡ ಒಂದೇ ಕುರಿಯನ್ನು ಹುಡುಕಿಕೊಂಡು ಹೋದ ಕುರುಬನ ಕಥೆ ಎತ್ತಿಕೊಂಡರು. ಕುರುಬ ಸಹಜವಾಗಿಯೇ ಗುರುಗುಂಟಾದವನು. ಸಹೋದರರು ಆಯಿತು, ಸಹೋದರಿಯರು ಆಗಿ ಎಷ್ಟೋ ಹೊತ್ತಾಯಿತು. ಅಕ್ಕನ ಕಣ್ಣು ತೆರೆದೇ ಇದ್ದವು! ಹುಡುಗರು ಒಬ್ಬರಿಗೊಬ್ಬರು ಸನ್ನೆ ಮಾಡಿದರು. ನಾನು ಭಾವನವರಿಗೆ ಹೆಬ್ಬೆರಳೆತ್ತಿ ತೋರಿಸಿದೆ.

ಅವರೂ ನೋಡಿದರು. ಖುಷಿಪಡುತ್ತಾರೆ ಎಂದುಕೊಂಡರೆ ಅವರ ಮಾತು ತಡವರಿಸಿತು. "ಆ ಒಂದು ಕುರಿ..." ಎಂದವರು ನಿಲ್ಲಿಸಿದರು. ಮತ್ತೆ "ಆ ಒಂದು ಕುರಿ" ಎಂದರು. ಪುಸ್ತಕ ಮುಚ್ಚಿದರು. ಪೀಠದಿಂದ ಇಳಿದು, ಕುಳಿತವರ ಮಧ್ಯೆ ದಾರಿ ಮಾಡಿಕೊಂಡು, ನೇರವಾಗಿ ನಮ್ಮ ಕಡೆ ಬಂದು ಅಕ್ಕನ ಮುಂದೆ ಮಂಡಿಯೂರಿದರು.

"ಏನಾಗೈತಿ ನಿನಗ?"

"ಏನಿಲ್ರಿ. ನೀವು ಹೇಳ್ರಿ, ನಾ ಕೇಳಾಕತ್ತೀನಿ."

"ಏನಿಲ್ಲಂದ್ರ ನೀ ಎಚ್ಚರ ಯಾಕ ಅದೀ?"

ಆಗ ನಾನು ಅವಳ ಕೈ ಮುಟ್ಟಿದೆ. ಬೆವರಿ ತಣ್ಣಗಾಗಿತ್ತು. ಬೆಳಗಿನಿಂದ ಎದೆ ಹಿಡಿದುಕೊಂಡಿತ್ತಂತೆ, ಎಡಗೈ ಸೆಳೆಯುತ್ತಿತ್ತಂತೆ. ಕಡೆಯ ಪ್ರಸಂಗ, ಕೆಡಿಸುವುದು ಬೇಡ ಎಂದು ಯಾರಿಗೂ ಹೇಳಿರಲಿಲ್ಲ. ಹುಡುಗರು ಅವಳನ್ನು ಎತ್ತಿಕೊಂಡು ಸೆಮಿನರಿಯ ಜೀಪಿಗೆ ಓಡಿದರು. ಸಿಂಧನೂರಿನಲ್ಲಿ ಸೂಜಿ ಹಾಕಿ ರಾಯಚೂರಿಗೆ ಕಳಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಅಲ್ಲಿನ ಡಾಕ್ಟರು.

ಸೆಮಿನರಿಯಲ್ಲಿ ಈಗಲೂ ಆ ಪ್ರಸಂಗದ ಮಾತು ನಡೆಯುತ್ತದೆ. ಬೋಧಿಸಿದ್ದನ್ನು ಮಾಡಿಯೇ ತೋರಿಸಿದರು, ಅಂಥ ಮುಕ್ತಾಯವನ್ನು ನಾವು ಎಲ್ಲಿಯೂ ಕೇಳಿಲ್ಲ ಎನ್ನುತ್ತಾರೆ ಹುಡುಗರು. ಒಬ್ಬ ಆಸ್ಪತ್ರೆಗೆ ಬಂದು ಇದನ್ನು ಭಾವನವರಿಗೇ ಹೇಳಿದ. "ಅದು ಪ್ರಸಂಗ ಅಲ್ಲೋ ತಮ್ಮಾ," ಎಂದರು ಅವರು. "ನಾ ಅಂಜಿದ್ದೆ."

ಆರಾಧನೆಯ ಮರುದಿನ ಮಧ್ಯಾಹ್ನ ನಾನು ಬುತ್ತಿ ತೆಗೆದುಕೊಂಡು ಹೋದಾಗ ಅಕ್ಕನಿಗೆ ಜೋರು ನಿದ್ದೆ. ಭಾವನವರು ಸ್ಟೂಲಿನ ಮೇಲೆ ಕುಳಿತು, ಅವಳ ಉಸಿರಿಗೆ ಏಳುತ್ತಾ ಇಳಿಯುತ್ತಾ ಇದ್ದ ಹೊದಿಕೆಯನ್ನೇ ನೋಡುತ್ತಿದ್ದರು. ಗಡ್ಡ ಬೆಳೆದಿತ್ತು. ರಾತ್ರಿಯಿಡೀ ಆ ಸ್ಟೂಲು ಬಿಟ್ಟು ಏಳಲಿಲ್ಲವೆಂದು ಪಕ್ಕದ ಹಾಸಿಗೆಯವರು ಹೇಳಿದರು.

"ಇಷ್ಟ ವರ್ಷ ಆಕಿನ್ನ ಎಚ್ಚರಿಡಪಾ ದೇವ್ರ ಅಂತ ಬೇಡಿದ್ನವಾ," ಎಂದರು ಮೆಲ್ಲಗೆ. "ಒಮ್ಮಿ ಇಟ್ಟ. ಇನ್ನ ಅದನ್ನ ಬೇಡಂಗಿಲ್ಲ ನಾ."

ಅಷ್ಟರಲ್ಲಿ ನರ್ಸಮ್ಮ ಬಾಗಿಲು ದಡಾರನೆ ತಳ್ಳಿಕೊಂಡು ಬಂದು, ಊಟ ಆಯಿತೇ ಎಂದು ಎಲ್ಲರನ್ನೂ ಜೋರಾಗಿ ವಿಚಾರಿಸತೊಡಗಿದಳು. ಭಾವನವರು ಎದ್ದು ನಿಂತು ಅವಳಿಗೆ ಎರಡೂ ಕೈ ಮುಗಿದರು. ಅವರ ಕಣ್ಣಲ್ಲಿ ನೀರಿತ್ತು.

"ಸಣ್ಣಗ ಮಾತಾಡವಾ ತಾಯಿ," ಎಂದರು. "ಮಲಗ್ಯಾಳ."